ಹತ್ತಿದವನು ನಾನು, ಕುಂತಾಕಿ ಅವ್ವ

ನಾನು ನಿವೃತ್ತನಾದ ದಿನ ಸೆಕ್ಷನ್ ಆಫೀಸಿನ ಅಂಗಳದಲ್ಲಿ ಶಾಮಿಯಾನ ಹಾಕಿಸಿದ್ದರು. ನನಗೆ ಶಾಲು ಹೊದಿಸಿ, ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟರು. ಸಾಹೇಬರು ಮೈಕ್ ಹಿಡಿದು, ಇಷ್ಟು ವರ್ಷ ಕಂಬ ಹತ್ತಿದರೂ ಇವರಿಗೆ ಒಂದೂ ಅಪಘಾತವಾಗಲಿಲ್ಲ, ಇಂಥ ಜಾಗರೂಕ ಲೈನ್‌ಮನ್ ಸಿಗುವುದು ಕಷ್ಟ ಎಂದು ಹೇಳುತ್ತಿದ್ದರು. ನಮ್ಮವ್ವ ಮುಂದಿನ ಸಾಲಿನ ಕುರ್ಚಿಯಲ್ಲಿದ್ದಳು. ಪಕ್ಕದವರ ಕಿವಿಯಲ್ಲಿ ಹೇಳುತ್ತಿದ್ದೇನೆ ಎಂದು ಅವಳ ಲೆಕ್ಕ. ಆದರೆ ತನಗೇ ಕಿವಿ ಮಂದವಾಗಿದ್ದರಿಂದ ಶಾಮಿಯಾನದಲ್ಲಿದ್ದವರಿಗೆಲ್ಲ ಕೇಳಿಸಿತು.

"ಅವ ಹತ್ತಿದ್ದಷ್ಟ. ಕುಂತಾಕಿ ನಾನು."

ಹಳಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರು ಹೊಸಬರು, ಅರ್ಥವಾಗದೆ ತಾವೂ ನಕ್ಕರು. ನಾನು ಶಾಲಿನ ಅಂಚು ನೋಡುತ್ತಾ ಕೂತೆ. ಕೊನೆಯ ದಿನವಾದರೂ ನನ್ನ ಕೆಲಸವನ್ನು ನನಗೇ ಬಿಟ್ಟುಕೊಡಬಾರದಿತ್ತೇ ಎಂದು ಮನಸ್ಸಿನಲ್ಲಿ ಅಂದುಕೊಂಡೆ.

ಅವ್ವ ತೀರಿಕೊಂಡು ಎರಡು ತಿಂಗಳಾಗಿದೆ. ಹೊಸದಾಗಿ ಕೆಲಸಕ್ಕೆ ಸೇರಿ ಕಂಬ ಹತ್ತುತ್ತಿರುವ ಹುಡುಗರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಬಂತು, ಯಾವ ಸಾಹೇಬರು ಬೆನ್ನು ತಟ್ಟಿದರು ಎಂಬುದರಿಂದ ನಿಮಗೇನೂ ಉಪಯೋಗವಿಲ್ಲ. ಮೇಲೆ ಹತ್ತಿದವನು ಜೀವಂತ ಕೆಳಗಿಳಿಯುವುದು ಅವನ ಕೈಯಲ್ಲಿಲ್ಲ, ಕೆಳಗಿರುವವರ ಕೈಯಲ್ಲಿದೆ. ಈ ಒಂದು ಮಾತಿಗಾಗಿ ನಾನು ನಮ್ಮವ್ವನ ಜೊತೆ ಇಡೀ ನೌಕರಿಯುದ್ದಕ್ಕೂ ಜಗಳವಾಡಿದೆ.

ಕೆಲಸ ಹೇಗಿತ್ತು ಎಂದು ಮೊದಲು ಹೇಳುತ್ತೇನೆ. ನಾನು ಸೇರಿದಾಗ ಕೈಯಲ್ಲಿ ಫೋನು ಇರಲಿಲ್ಲ. ಕೂಡ್ಲಿಗಿ ಸುತ್ತಲಿನ ಹಳ್ಳಿಗಳಿಗೆ ಸೈಕಲ್ ಮೇಲೆ ಹೋಗುತ್ತಿದ್ದೆವು. ಹೆಗಲಿಗೆ ಹಗ್ಗ, ಚೀಲದಲ್ಲಿ ಕಟಿಂಗ್ ಪ್ಲೇಯರ್, ಬೈಂಡಿಂಗ್ ತಂತಿ. ಊರಿನ ತಂತಿ ಕಡಿದರೆ ಆ ಊರಿನ ಟ್ರಾನ್ಸ್‌ಫಾರ್ಮರಿಗೆ ಹೋಗಬೇಕು. ಜನ ಅದನ್ನು ಟಿ.ಸಿ. ಅನ್ನುತ್ತಾರೆ. ಅಲ್ಲಿನ ಪಿಂಗಾಣಿ ಫ್ಯೂಸುಗಳನ್ನು ಕಿತ್ತಿಟ್ಟರೆ ತಂತಿಯಲ್ಲಿ ಕರೆಂಟ್ ಇರುವುದಿಲ್ಲ. ಆಮೇಲೆ ತಂತಿ ಕಡಿದ ಕಂಬ ಎಲ್ಲಿದೆಯೋ ಅಲ್ಲಿಗೆ ಹೋಗಿ ಹತ್ತಬೇಕು. ಟಿ.ಸಿ. ಇರುವುದು ಒಂದು ಕಡೆ, ಕಂಬ ಹೊಲ ದಾಟಿ ಇನ್ನೊಂದು ಕಡೆ. ನಾನು ಮೇಲಿದ್ದಾಗ ಟಿ.ಸಿ. ಹತ್ತಿರ ಏನು ನಡೆಯುತ್ತದೆ ಎಂದು ನನಗೆ ಕಾಣುವುದಿಲ್ಲ. ಅಲ್ಲಿರುವವರಿಗೆ ನಾನು ಕಾಣುವುದಿಲ್ಲ.

ಕಿತ್ತ ಫ್ಯೂಸುಗಳನ್ನು ಟಿ.ಸಿ.ಯ ಪೆಟ್ಟಿಗೆಯ ಮೇಲೆಯೇ ಇಟ್ಟು ಹೋಗುವುದು ಆಗಿನ ರೂಢಿ. ಜೇಬಿಗೆ ಹಾಕಿಕೊಂಡು ಹೋದರೂ ಫಾಯಿದೆ ಇರಲಿಲ್ಲ. ಬೆಳೆ ಒಣಗುತ್ತಿರುವ ರೈತನಿಗೆ ಫ್ಯೂಸು ಸಿಗದಿದ್ದರೆ ಒಂದು ತುಂಡು ತಂತಿ ಸಿಗುತ್ತದೆ, ಅದನ್ನೇ ಸಿಗಿಸುತ್ತಾನೆ.

ಹೊಸಹಳ್ಳಿ ಹೋಬಳಿಯಲ್ಲಿ ನಾನು ಇನ್ನೂ ಹೊಸಬನಾಗಿದ್ದಾಗ ಹೀಗೆಯೇ ಆಯಿತು. ಹೊಲದ ನಡುವಿನ ಕಂಬ ಹತ್ತಿದ್ದೆ. ಬೈಂಡಿಂಗ್ ತಂತಿಯ ಸುರುಳಿ ಕೈಜಾರಿ ಕೆಳಗೆ ಬಿತ್ತು. ಬೈದುಕೊಂಡು ಇಳಿದೆ. ಇಳಿದಿದ್ದೇನೆ, ನೀರು ಕುಡಿದು ಹತ್ತೋಣ ಎಂದು ಬಾಟಲಿಯ ಮುಚ್ಚಳ ತೆಗೆದೆ. ಅಷ್ಟರಲ್ಲಿ ಪಕ್ಕದ ಹೊಲದ ಮೋಟರು ಗುಂಯ್ ಎಂದು ಶುರುವಾಯಿತು. ನಾನು ಒಂದು ಕ್ಷಣದ ಹಿಂದೆ ಬರಿಗೈಯಲ್ಲಿ ಹಿಡಿದಿದ್ದ ತಂತಿಯಿಂದಲೇ ಆ ಮೋಟರಿಗೆ ಕರೆಂಟ್ ಹೋಗುತ್ತಿತ್ತು.

ಟಿ.ಸಿ. ಹತ್ತಿರ ಓಡಿದೆ. ಒಬ್ಬ ಮುದುಕ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಾ ನಿಂತಿದ್ದ.

"ಯಾಕ ಹಾಕಿದಿ ಯಜಮಾನ?"

"ಮೋಟರು ನಿಂತಿತ್ತು. ಬಂದು ನೋಡಿದರ ಫ್ಯೂಸು ಹೊರಗಿತ್ತು, ಹಾಕಿದೆ. ನೀ ಮ್ಯಾಲಿರೋದು ನನಗ ಕನಸು ಬಿತ್ತೇನಪ?"

ಅವನಿಗೆ ಏನೆಂದು ಬೈಯುವುದು? ಹೋಗುವಾಗ ಎರಡು ಸೌತೆಕಾಯಿ ಕೊಟ್ಟು ಕಳಿಸಿದ.

ಸಂಜೆ ಊಟಕ್ಕೆ ಕೂತಾಗ ಅದನ್ನು ಮನೆಯಲ್ಲಿ ತಮಾಷೆಯಾಗಿ ಹೇಳಿದೆ. ಸೌತೆಕಾಯಿ ತೋರಿಸಿ, ನನ್ನ ಜೀವದ ಬೆಲೆ ಎರಡು ಸೌತೆಕಾಯಿ ನೋಡು ಎಂದೆ. ಹೆಂಡತಿ ರತ್ನ ನಗಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ಆಮೇಲೆ ಮತ್ತೆ ಬಡಿಯತೊಡಗಿದಳು. ಹುಡುಗರೇ, ಕೆಲಸದ ಜಾಗದ ಇಂಥ ಸುದ್ದಿಯನ್ನು ಮನೆಗೆ ತರಬೇಡಿ. ತಂದರೆ ನನಗಾದದ್ದೇ ನಿಮಗೂ ಆದೀತು.

ಮರುದಿನ ನಾನು ಸೈಕಲ್ ತೆಗೆಯಲು ಹೋದಾಗ ಅವ್ವ ಶೇಂಗಾ ಬುಟ್ಟಿ ಹಿಡಿದು ಹಿಂದಿನ ಕ್ಯಾರಿಯರ್ ಮೇಲೆ ಕೂತಿದ್ದಳು.

"ಎಲ್ಲಿಗೆ ಬೇ?"

"ನೀ ಹೋಗೋ ಕಡಿ."

"ಅದು ನೌಕರಿ ಬೇ, ಸಂತಿ ಅಲ್ಲ."

"ನಾ ಏನ್ ನಿನ್ನ ನೌಕರಿ ಮಾಡಾಕ ಬಂದೀನೇನು? ಟಿ.ಸಿ. ಕಡಿ ಕುಂದ್ರತೀನಿ. ನೀ ಇಳದು ಬಂದ ಮ್ಯಾಲ ಏಳತೀನಿ. ತುಳಿ, ಹೊತ್ತಾತು."

ಶೇಂಗಾ ಬುಟ್ಟಿಯ ಬಗ್ಗೆ ಹೇಳಬೇಕು. ಅಪ್ಪ ನಾನು ಸಣ್ಣವನಿದ್ದಾಗಲೇ ಹೋದ. ಬಿತ್ತನೆಗೆ ಇಡುವ ಶೇಂಗಾವನ್ನು ಮಿಷನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆ ಎಂದು ಕೈಯಲ್ಲೇ ಸುಲಿಸುತ್ತಾರೆ. ಅವ್ವ ಮನೆಗೆ ತಂದು ಸುಲಿದು ಕೊಡುತ್ತಿದ್ದಳು. ಅವಳ ಹೆಬ್ಬೆರಳಿನ ಉಗುರು ಯಾವಾಗಲೂ ಸೀಳಿರುತ್ತಿತ್ತು. ಅದರಲ್ಲೇ ನನ್ನನ್ನು ಹತ್ತನೇ ತರಗತಿ ಮುಗಿಸುವವರೆಗೆ ಓದಿಸಿದಳು. ನಮ್ಮ ಕೇರಿಯಲ್ಲಿ ಸಂಬಳದ ಕೆಲಸ ಹಿಡಿದ ಮೊದಲಿಗರಲ್ಲಿ ನಾನೂ ಒಬ್ಬ. ನನಗೆ ಸಂಬಳ ಬರತೊಡಗಿದ ಮೇಲೂ ಅವಳು ಸುಲಿಯುವುದನ್ನು ಬಿಡಲಿಲ್ಲ. ಸುಮ್ಮನೆ ಕೂರುವುದು ಅವಳಿಗೆ ಗೊತ್ತೇ ಇರಲಿಲ್ಲ. ಈಗ ಕೂರುವುದೇ ಕೆಲಸವಾಯಿತು, ಶೇಂಗಾ ಜೊತೆಗೆ ಬಂತು.

ಅಂದಿನಿಂದ ಅವಳದೊಂದು ಪದ್ಧತಿ. ನಾನು ಫ್ಯೂಸು ಕಿತ್ತು ಅವಳ ಉಡಿಗೆ ಹಾಕಬೇಕು. ಅವಳು ಟಿ.ಸಿ. ಎದುರಿನ ಯಾವುದಾದರೂ ಜಾಲಿಯ ಅಥವಾ ಬೇವಿನ ನೆರಳಲ್ಲಿ ಕೂತು ಸುಲಿಯುತ್ತಾಳೆ. ನಾನು ತಿರುಗಿ ಬಂದಾಗ ನನ್ನ ಮುಖ ನೋಡುವುದಿಲ್ಲ, ಕಾಲು ನೋಡುತ್ತಾಳೆ. ಕಾಲು ನೆಲದ ಮೇಲಿರುವುದನ್ನು ಕಂಡ ಮೇಲೆ ಉಡಿ ಬಿಚ್ಚುತ್ತಾಳೆ. ನಾವು ಹೋದ ಮೇಲೆ ಅಲ್ಲಿ ಸಿಪ್ಪೆಯ ಗುಡ್ಡೆ ಉಳಿಯುತ್ತಿತ್ತು. ಯಾವ ಟಿ.ಸಿ. ಹತ್ತಿರ ಸಿಪ್ಪೆ ಕಂಡರೂ ಜೊತೆಯವರು ಅವ್ವನ ಹೆಸರು ಹಿಡಿದು, "ನಿನ್ನೆ ಇಲ್ಲಿ ಹುಲಿಗೆವ್ವನ ಡ್ಯೂಟಿ ಇತ್ತು" ಎನ್ನುತ್ತಿದ್ದರು.

ಗಂಡು ಮಗ, ಮೀಸೆ ಬಂದವನು, ಮದುವೆಯಾದವನು, ತಾಯಿಯನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಡ್ಯೂಟಿಗೆ ಹೋಗುವುದೆಂದರೆ ಹೇಗಿರುತ್ತದೆ ನೋಡಿ. ನನ್ನ ಜೊತೆಗೆ ಖಾಜಾಸಾಬ್ ಎಂಬ ಹಿರಿಯ ಲೈನ್‌ಮನ್ ಇದ್ದ. ನನಗೆ ಕೆಲಸ ಕಲಿಸಿದವನೇ ಅವನು. ಅವನ ಬಾಯಿಗೆ ನಾನು ಬಿದ್ದೆ.

"ಲೇ, ನಮಗೆಲ್ಲ ಕೈಗವಸು ಕೊಟ್ಟಾರ. ನಿನಗ ಅವ್ವನ್ನ ಕೊಟ್ಟಾರ."

"ನೀನ ಹೇಳು ಖಾಜಣ್ಣ, ನಿನ್ನ ಮಾತಾದರೂ ಕೇಳ್ಯಾಳು."

ಖಾಜಾಸಾಬ್ ಹೇಳಲು ಹೋದ. ತಿರುಗಿ ಬಂದಾಗ ಅವನ ಕೈಯಲ್ಲಿ ಒಂದು ಹಿಡಿ ಶೇಂಗಾ ಇತ್ತು. "ಇರಲಿ ಬಿಡಲೇ, ಪಾಪ" ಎಂದ. ಆ ವಾರದಿಂದ ತನ್ನ ಕಂಬಕ್ಕೂ ಅವಳನ್ನೇ ಕೂರಿಸತೊಡಗಿದ. ಎರಡು ಟಿ.ಸಿ.ಗಳಲ್ಲಿ ಕೆಲಸವಿದ್ದರೆ, ಇವತ್ತು ಅಮ್ಮ ನನ್ನ ಕಡೆ ಬರಲಿ ಎಂದು ನನ್ನ ಜೊತೆಗೇ ತಕರಾರು ಮಾಡುತ್ತಿದ್ದ. ದೂರದಿಂದ ಕೂಗಿ ಕೇಳುತ್ತಿದ್ದ, "ಅವ್ವ ಕುಂತಾಳೇನು?" ನಾನು, "ಕುಂತಾಳ" ಎಂದು ಕೂಗಬೇಕು. ಆಮೇಲೆ ಅವನು ಹತ್ತುತ್ತಿದ್ದ. ಅವ್ವ ಬಾರದ ದಿನ ಯಾರನ್ನಾದರೂ ಟಿ.ಸಿ. ಹತ್ತಿರ ನಿಲ್ಲಿಸಿದರೆ ಅದಕ್ಕೂ ಇದೇ ಮಾತು. ಮೀಸೆ ಹೊತ್ತ ಆಳು ಕಾಯುತ್ತಿದ್ದರೂ "ಅವ್ವ ಕುಂತಾಳ." ಖಾಜಾಸಾಬ್ ಎಲ್ಲೆಲ್ಲಿಗೆ ವರ್ಗವಾಗಿ ಹೋದನೋ ಅಲ್ಲೆಲ್ಲ ಈ ಮಾತನ್ನು ಹಬ್ಬಿಸಿದ. ನನಗೆ ಮೈ ಉರಿಯುತ್ತಿತ್ತು.

ಮನೆಯಲ್ಲಾದರೂ ನನ್ನ ಕಡೆ ಯಾರಾದರೂ ಇದ್ದಾರೇನೋ ಎಂದುಕೊಂಡರೆ ರತ್ನಳೂ ಇರಲಿಲ್ಲ. "ನೀವು ಮ್ಯಾಲ ಹತ್ತಿದ ದಿನ ನನಗ ಒಂದು ತುತ್ತು ಗಂಟಲಾಗ ಇಳಿಯೋದು ಅತ್ತಿ ಅಲ್ಲಿ ಕುಂತಾಳಂತ. ನೀವು ಬ್ಯಾಡ ಅಂದ್ರ ನಾನ ಬರ್ತೀನಿ" ಎಂದಳು. ಒಬ್ಬಳೇ ಸಾಕು ಎಂದು ಸುಮ್ಮನಾದೆ.

ಕೆಲವು ಊರುಗಳಲ್ಲಿ ಅವ್ವ ಕೂರುವುದೂ ಸುಲಭವಿರಲಿಲ್ಲ. ಗುಡಿಯ ಕಟ್ಟೆ ಎದುರಿಗೇ ಇದ್ದರೂ ಅವಳು ಹೋಗುತ್ತಿರಲಿಲ್ಲ, ಬಿಸಿಲಿದ್ದರೂ ಟಿ.ಸಿ. ಪಕ್ಕದ ಕಲ್ಲಿನ ಮೇಲೆಯೇ. ಒಮ್ಮೆ ದೊಡ್ಡ ರುಮಾಲಿನವರೊಬ್ಬರು ನಿಂತು ಕೇಳಿದರು, "ಯಾವ ಕೇರಿಯಾಕಿ ಬೇ ನೀನು?"

ಅವ್ವ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಕರೆಂಟಿನ ಕೇರಿ. ನಿಮ್ಮ ಅಡಗಿ ಮನಿ ತನಕ ಬಂದೈತಲ್ರಿ, ಅದ ಕೇರಿ."

ಅವರು ರುಮಾಲು ಸರಿ ಮಾಡಿಕೊಂಡು ಹೋದರು. ನಾನು ಆ ಊರಿಗೆ ಮತ್ತೆ ದುರಸ್ತಿಗೆ ಹೋಗಬೇಕಾದವನು. ದಾರಿಯುದ್ದಕ್ಕೂ ಅವಳಿಗೆ ಬೈದೆ. ಅವಳು ಹಿಂದೆ ಕೂತು ಕಾಳು ಬಾಯಿಗೆ ಹಾಕಿಕೊಳ್ಳುತ್ತಾ ಕೇಳಿಸಿಕೊಂಡಳು.

ಕೊಟ್ಟೂರಿಗೆ ವರ್ಗವಾದಾಗ ಅಲ್ಲಿನ ಸೆಕ್ಷನ್ ಆಫೀಸರು ಕಟ್ಟುನಿಟ್ಟಿನವರು ಎಂದು ಕೇಳಿ ನನಗೆ ಸಂತೋಷವಾಯಿತು. ಇವರು ನಿಲ್ಲಿಸಿಯೇ ನಿಲ್ಲಿಸುತ್ತಾರೆ ಎಂದುಕೊಂಡೆ. ಒಂದು ದಿನ ಅವರ ಜೀಪು ನೇರವಾಗಿ ಟಿ.ಸಿ. ಹತ್ತಿರವೇ ಬಂದು ನಿಂತಿತು. ನಾನು ಆಗತಾನೆ ಕೆಲಸ ಮುಗಿಸಿ ಬರುತ್ತಿದ್ದೆ.

"ಯಾರಿದು?" ಎಂದು ನನ್ನನ್ನು ಕೇಳಿದರು.

"ನಮ್ಮ ತಾಯಿ ಸರ್."

"ತಾಯಿ ಇಲಾಖೆಯವರಲ್ಲ. ಇಲಾಖೆಯ ಸಾಮಾನು ಹೊರಗಿನವರ ಉಡಿಯಲ್ಲಿ ಯಾಕಿದೆ?"

ನಾನು ಅವ್ವನ ಕಡೆ ನೋಡಿದೆ. ಈಗ ಹೇಳು ನೋಡೋಣ ಎನ್ನುವಂತೆ ನೋಡಿದ್ದೆನೋ ಏನೋ. ಅವ್ವ ಎದ್ದು ನಿಂತು ಸೆರಗು ಸರಿ ಮಾಡಿಕೊಂಡಳು.

"ಖರೇ ಐತ್ರಿ ಸಾಹೇಬ್ರ. ನಾ ಹೊರಗಿನಾಕಿ. ಇಲಾಖೆಯವರನ್ನ ಒಬ್ಬರನ್ನ ಕುಂದ್ರಸ್ರಿ, ನಾ ಈಗ ಎದ್ದು ಮನಿಗಿ ಹೋಗ್ತೀನಿ. ನನಗೂ ಮೊಣಕಾಲು ನೋಯ್ತಾವ."

ಸಾಹೇಬರು ನನ್ನ ಕಡೆ ನೋಡಿದರು, ಡ್ರೈವರ್ ಕಡೆ ನೋಡಿದರು. ಕೂರಿಸಲು ಅವರ ಹತ್ತಿರ ಜನ ಎಲ್ಲಿದ್ದರು? ಇದ್ದ ನಾಲ್ಕು ಜನರೂ ನಾಲ್ಕು ಊರಿನ ಕಂಬದ ಮೇಲಿದ್ದರು. ಜೀಪು ಹತ್ತಿ ಹೋದರು. ಅಂದಿನಿಂದ ಟಿ.ಸಿ. ಹತ್ತಿರ ಜೀಪು ಬಂದಾಗಲೆಲ್ಲ ಅವರು ಆ ಕಡೆಯ ಹೊಲದ ಬೆಳೆ ನೋಡುತ್ತಾ ಹೋಗುತ್ತಿದ್ದರು. ನನ್ನ ಕೊನೆಯ ಆಸೆಯೂ ಹೋಯಿತು.

ಹಡಗಲಿಯಲ್ಲಿ ಇನ್ನೊಂದು ತಲೆನೋವು. ಅಲ್ಲಿ ಟಿ.ಸಿ. ಇದ್ದದ್ದು ಮಲ್ಲಿಗೆ ತೋಟದ ಬದುವಿನಲ್ಲಿ. ಹೂ ಬಿಡಿಸುವ ಹೆಂಗಸರು ಅವ್ವನ ಸುತ್ತ ಕೂತು ಮಾತಿಗೆ ಶುರು ಮಾಡಿದರು. ಅವ್ವ ಶೇಂಗಾ ಕೊಟ್ಟಳು, ಅವರು ಹೂ ಕೊಟ್ಟರು. ಜೊತೆಗೆ ಕಂಪ್ಲೇಂಟುಗಳನ್ನೂ ಕೊಟ್ಟರು. ನಾನು ಇಳಿದು ಬರುವುದರೊಳಗೆ ಅವಳು ಅರ್ಧ ಊರಿಗೆ ಮಾತು ಕೊಟ್ಟಿರುತ್ತಿದ್ದಳು.

"ಆ ಹೊಸ ಓಣ್ಯಾಗ ತಂತಿ ಮನಿ ಮ್ಯಾಲ ಜೋತು ಬಿದ್ದೈತಂತ. ನಾಳೆ ನೀ ಬಂದು ಎತ್ತರಸ್ತೀ ಅಂತ ಹೇಳೀನಿ."

"ಎತ್ತರಿಸಬೇಕಂದ್ರ ನಡುವ ಇನ್ನೊಂದು ಕಂಬ ಬೇಕು ಬೇ. ಎಸ್ಟಿಮೇಟ್ ಆಗಬೇಕು, ಮಂಜೂರಾಗಬೇಕು, ಕಂಬ ಬರಬೇಕು. ಅದೇನು ಅರಿವಿ ಒಣಗಸೋ ಹಗ್ಗ ಅಂದ್ಕೊಂಡೀಯೇನು?"

"ಅದೆಲ್ಲ ನೀ ನೋಡಕೋ. ನಾ ಮಾತು ಕೊಟ್ಟು ಬಿಟ್ಟೀನಿ."

ಅವಳು ಕೊಟ್ಟ ಮಾತಿಗಾಗಿ ನಾನು ಆಫೀಸಿಗೆ ಅಲೆದು, ಸಾಹೇಬರ ಕೈಲಿ ಅನಿಸಿಕೊಂಡು, ಕೊನೆಗೆ ಕಂಬ ಹಾಕಿಸಿದೆ. ಆ ಓಣಿಯ ಹೆಂಗಸರು ಬಂದು ಮಲ್ಲಿಗೆ ಮಾಲೆ ಕೊಟ್ಟದ್ದು ಯಾರಿಗೆ? ಅವ್ವನಿಗೆ. ನನ್ನನ್ನು ನೋಡಿ, "ಇವ ಆಯಮ್ಮನ ಮಗ" ಎಂದರು.

ಹರಪನಹಳ್ಳಿಗೆ ಬರುವ ಹೊತ್ತಿಗೆ ಎಲ್ಲರ ಕೈಗೂ ಮೊಬೈಲ್ ಬಂದಿತ್ತು. ಕರೆಂಟ್ ತೆಗೆಸುವುದು, ಕೊಡಿಸುವುದು ಎಲ್ಲ ಫೋನಿನಲ್ಲೇ. ನನಗೂ ಸೈಕಲ್ ಹೋಗಿ ಮೊಪೆಡ್ ಬಂದಿತ್ತು. ಇನ್ನಾದರೂ ಬಿಡುತ್ತಾಳೆ ಎಂದುಕೊಂಡು, ಫೋನು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಸಿ ಹೇಳಿದೆ. ಮೇಲಿಂದಲೇ ನಾನು ಮಾತಾಡುತ್ತೇನೆ, ಕೆಳಗಿನವನು ಅಲ್ಲೇ ಕೇಳುತ್ತಾನೆ ಎಂದೆ.

"ಅದರಾಗ ಕಾಲು ಕಾಣ್ತಾವೇನು?" ಎಂದಳು.

"ದನಿ ಕೇಳ್ತೈತಿ."

"ದನಿ ಮ್ಯಾಲ ಇದ್ದಾಗೂ ಬರ್ತೈತಿ."

ಅಲ್ಲಿನ ಒಂದು ಹಳ್ಳಿಯಲ್ಲಿ ಮದುವೆ. ಹಗಲು ಹನ್ನೊಂದರ ಸುಮಾರಿಗೆ ತಂತಿ ಕಡಿದು ಮೈಕು, ಮಿಕ್ಸಿ ಎಲ್ಲ ನಿಂತವು. ನಾನೂ ನನ್ನ ಜೊತೆಯ ಮಂಜಪ್ಪನೂ ಹೋದೆವು. ಅವ್ವ ಎಂದಿನಂತೆ ಟಿ.ಸಿ. ಎದುರಿಗೆ. ಎರಡು ಕಂಬದಲ್ಲಿ ಕೆಲಸ, ನಾನೊಂದು ಹತ್ತಿದೆ, ಅವನೊಂದು ಹತ್ತಿದ. ಮುಗಿಸಿ ಬಂದು ಉಡಿಗೆ ಕೈ ಚಾಚಿದೆ.

"ಇನ್ನೊಬ್ಬ ಎಲ್ಲಿ?" ಎಂದಳು ಅವ್ವ.

"ಇಳದಾನ ಬೇ. ನಾ ನೋಡೀನಿ."

"ನಾ ನೋಡಿಲ್ಲ."

ಹೆಣ್ಣಿನ ಸೋದರಮಾವ ಬೆವರು ಒರೆಸಿಕೊಳ್ಳುತ್ತಾ ಬಂದ. "ಏನಮ್ಮಾ ನಿಂದು, ಕೊಡಮ್ಮ. ಅಲ್ಲಿ ಮೈಕ್ ನಿಂತೈತೆ, ರುಬ್ಬೋದು ನಿಂತೈತೆ, ಬೀಗರು ಮುಖ ಊದಿಸ್ಕೊಂಡು ಕುಂತಾರೆ."

"ಮೈಕ್ ನಿಂತ್ರ ಮದುವಿ ನಿಲ್ಲಂಗಿಲ್ಲಪ. ಅವ ಬರಲಿ."

ಮಂಜಪ್ಪನ ಫೋನಿಗೆ ಹಚ್ಚಿದರೆ ಎತ್ತುತ್ತಿಲ್ಲ. ಅವನು ಹತ್ತಿದ್ದ ಕಂಬದ ಹತ್ತಿರ ಓಡಿದರೆ ಅಲ್ಲಿಲ್ಲ. ಮದುವೆಯ ಅರ್ಧ ಜನ ಅವನನ್ನು ಹುಡುಕಲು ಹೊರಟರು. ಕೊನೆಗೆ ಸಿಕ್ಕಿದ್ದು ಎಲ್ಲಿ ಎಂದರೆ ಅದೇ ಮದುವೆಯ ಊಟದ ಪಂಕ್ತಿಯಲ್ಲಿ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ. ಎಂಜಲ ಕೈಯಲ್ಲೇ ಎಬ್ಬಿಸಿಕೊಂಡು ಬಂದು ಅವ್ವನ ಎದುರಿಗೆ ನಿಲ್ಲಿಸಿದರು. ಅವ್ವ ಅವನ ಕಾಲು ನೋಡಿ, ಉಡಿ ಬಿಚ್ಚಿ, "ಹೋಗು, ಉಣ್ಣು" ಎಂದಳು.

ಬೀಗರಿಂದ ಹಿಡಿದು ಅಡಿಗೆಯವರವರೆಗೆ ಎಲ್ಲರೂ ನನಗೆ ಬೈದರು. ಆ ಸಂಜೆ ನಾನು ಅವ್ವನಿಗೆ ಇಡೀ ನೌಕರಿಯ ಸಿಟ್ಟನ್ನೆಲ್ಲ ಒಟ್ಟುಗೂಡಿಸಿ ಕೇಳಿದೆ.

"ಇಷ್ಟು ವರ್ಷ ಕುಂತಿ. ಹೊಸಹಳ್ಳಿ, ಕೊಟ್ಟೂರು, ಹಡಗಲಿ, ಇಲ್ಲಿ. ನೀ ಕುಂತಾಗ ಒಂದು ದಿನ, ಒಬ್ಬನಾದರೂ ಫ್ಯೂಸು ಹಾಕಾಕ ಬಂದಾನೇನು? ಒಬ್ಬನ ಹೆಸರು ಹೇಳು."

"ಒಬ್ಬನೂ ಬಂದಿಲ್ಲ."

"ಮತ್ತ?"

"ನಾ ಕುಂತೀನಿ ಅಂತ ಬಂದಿಲ್ಲ."

ಇಂಥವಳ ಜೊತೆ ಏನು ವಾದ ಮಾಡುವುದು? ಬಂದಿದ್ದರೆ ಅವಳು ಗೆದ್ದಂತೆ, ಬಾರದಿದ್ದರೂ ಅವಳೇ ಗೆದ್ದಂತೆ. ಈ ವಾದವನ್ನು ನಾನು ನಿವೃತ್ತನಾಗುವವರೆಗೂ ಎಳೆದೆ, ಒಮ್ಮೆಯೂ ನನ್ನ ಕೈ ಮೇಲಾಗಲಿಲ್ಲ.

ಕೊನೆಯ ವರ್ಷಗಳಲ್ಲಿ ಹಗರಿಬೊಮ್ಮನಹಳ್ಳಿಗೆ ಬಂದೆ. ಊರ ಹೊರಗಿನ ಬಡಾವಣೆಯಲ್ಲಿ ಮನೆ ಕಟ್ಟಿಕೊಂಡೆವು. ಅವ್ವನ ಮೊಣಕಾಲು ಪೂರ್ತಿ ಹೋಗಿತ್ತು, ಮೊಪೆಡ್ ಹತ್ತಲು ಆಗುತ್ತಿರಲಿಲ್ಲ. ನನಗೆ ಬಿಡುಗಡೆ ಆಯಿತು ಎಂದುಕೊಂಡೆ. ಅವಳು ಬಾಗಿಲಲ್ಲಿ ಕೂರತೊಡಗಿದಳು. ನಾನು ಮನೆಗೆ ಬಂದ ಕೂಡಲೇ ಕೇಳುವಳು, "ಯಾರನ್ನ ಕುಂದ್ರಸಿದ್ದಿ?" ಹೆಸರು ಹೇಳಬೇಕು. ಹೆಸರು ಹೇಳಿದರೆ, "ಅವ ಬೀಡಿ ಸೇದಾಕ ಹೋಗತಾನ, ಬ್ಯಾಡ. ಬ್ಯಾರೆಯವನ್ನ ಕುಂದ್ರಸು." ಮನೆಯಲ್ಲಿ ಕೂತವಳಿಗೆ ನಮ್ಮ ಗ್ಯಾಂಗಿನಲ್ಲಿ ಯಾರು ಬೀಡಿ ಸೇದುತ್ತಾರೆ ಎಂಬುದು ಹೇಗೆ ಗೊತ್ತಾಗುತ್ತಿತ್ತೋ ನನಗೆ ಇವತ್ತಿಗೂ ತಿಳಿಯದು.

ನಿವೃತ್ತನಾದ ಮೇಲೆ ಅವಳ ನೆನಪು ಸ್ವಲ್ಪ ಸ್ವಲ್ಪವೇ ಕಲಸಿಕೊಂಡಿತು. ರತ್ನಳನ್ನು ಒಮ್ಮೊಮ್ಮೆ ತನ್ನ ತಂಗಿ ಎಂದುಕೊಳ್ಳುತ್ತಿದ್ದಳು. ಆದರೆ ಸಂಜೆಯಾದರೆ ಒಂದು ಪ್ರಶ್ನೆ ಮಾತ್ರ ತಪ್ಪುತ್ತಿರಲಿಲ್ಲ.

"ಇಳದಿ ಏನು?"

"ನನಗ ರಿಟೈರ್ ಆಗೈತಿ ಬೇ. ಈಗ ಕಂಬ ಇಲ್ಲ, ಏನಿಲ್ಲ. ಮಧ್ಯಾಹ್ನದಿಂದ ನಿನ್ನ ಎದುರಿಗೇ ಕುಂತೀನಿ."

"ಅದಿರಲಿ. ಇಳದಿ ಏನು?"

"ಇಳದೀನಿ."

ಆಮೇಲೆ ಬಗ್ಗಿ ನನ್ನ ಕಾಲು ನೋಡಿ ತಟ್ಟೆಗೆ ಕೈ ಹಾಕುತ್ತಿದ್ದಳು. ದಿನವೂ ಇದೇ. ಕೆಲವು ದಿನ ನಾನು ಟಿ.ವಿ. ನೋಡುತ್ತಾ, ತಿರುಗಿಯೂ ನೋಡದೆ, ಇಳದೀನಿ ಇಳದೀನಿ ಎಂದು ಹೇಳಿಬಿಡುತ್ತಿದ್ದೆ. ಆಗ ಅವಳು ಉಣ್ಣುತ್ತಿರಲಿಲ್ಲ. ಎದ್ದು ಬಂದು ಎದುರಿಗೆ ನಿಲ್ಲಬೇಕಿತ್ತು.

ಆಸ್ಪತ್ರೆಗೆ ಸೇರಿಸಿದಾಗ ಅವಳಿಗೆ ಮಾತು ಕಡಿಮೆಯಾಗಿತ್ತು. ಮಂಚದ ಮೇಲೆ ಮಲಗಿದ್ದವಳಿಗೆ ನೆಲ ಕಾಣುತ್ತಿರಲಿಲ್ಲ. ಕೇಳುತ್ತಾಳೆ, ನಾನು ಉತ್ತರಿಸುತ್ತೇನೆ, ಅವಳಿಗೆ ನಂಬಿಕೆ ಬರುವುದಿಲ್ಲ. ಕೊನೆಗೆ ಚಪ್ಪಲಿ ಬಿಟ್ಟು ಒಂದು ಕಾಲನ್ನು ಮಂಚದ ಅಂಚಿಗೆ ಎತ್ತಿ ತೋರಿಸಿದೆ. ನರ್ಸ್ ನೋಡಿ, "ಏನ್ರಿ ಇದು, ಪೇಶಂಟ್ ಬೆಡ್ ಮ್ಯಾಲೆ ಕಾಲಿಡ್ತೀರಿ" ಎಂದು ಗದರಿದಳು. ಅವ್ವ ಕೈ ಚಾಚಿ ನನ್ನ ಹಿಮ್ಮಡಿ ಮುಟ್ಟಿ ನೋಡಿ ಕಣ್ಣು ಮುಚ್ಚಿದಳು. ಎರಡು ದಿನದ ಮೇಲೆ ಹೋದಳು.

ಮಣ್ಣು ಮುಗಿಸಿ ಬಂದು, ನೆಂಟರೆಲ್ಲ ಹೋದ ಮೇಲೆ, ಮನೆ ಸುಮ್ಮನಾಯಿತು. ಸಂಜೆ ಯಾರೂ ಏನೂ ಕೇಳುವುದಿಲ್ಲ. ಇಷ್ಟು ವರ್ಷ ನಾನು ಬೇಡಿಕೊಂಡದ್ದು ಇದೇ ತಾನೇ? ತಟ್ಟೆ ಮುಂದೆ ಕೂತರೆ ಕೈ ಓಡುವುದಿಲ್ಲ.

ಹೋದ ವಾರ ನಮ್ಮ ಬಡಾವಣೆಯಲ್ಲಿ ಗಾಳಿಗೆ ಬೇವಿನ ಕೊಂಬೆ ಬಿದ್ದು ತಂತಿ ಕಡಿಯಿತು. ಬೆಳಿಗ್ಗೆ ಇಬ್ಬರು ಹೊಸ ಹುಡುಗರು ಬಂದರು. ಒಬ್ಬ ಪ್ರವೀಣ ಎಂದು, ನಮ್ಮ ಮನೆ ಎದುರಿನ ಕಂಬಕ್ಕೆ ಏಣಿ ಹಚ್ಚಿದ. ಇನ್ನೊಬ್ಬ ಫ್ಯೂಸು ಕಿತ್ತು ಮೂಲೆಯಾಚೆಯ ಕಂಬ ಹತ್ತುತ್ತೇನೆಂದು ಹೊರಟ. ಹೆಲ್ಮೆಟ್, ಬೆಲ್ಟ್, ಕೈಗವಸು ಎಲ್ಲ ಇದ್ದವು. ನಮಗೆ ಇರದಿದ್ದದ್ದೆಲ್ಲ ಅವರಿಗಿದೆ ಎಂದು ಅಂಗಳದಲ್ಲಿ ನಿಂತು ನೋಡುತ್ತಿದ್ದೆ. ಪ್ರವೀಣ ಫೋನಿನಲ್ಲಿ ಕೇಳಿದ, "ಅವ್ವ ಕುಂತಾಳೇನೋ?" ಆ ಕಡೆಯಿಂದ "ಕುಂತಾಳ, ಹತ್ತು" ಎಂದದ್ದು ನನಗೂ ಕೇಳಿಸಿತು.

ನನಗೆ ಏನೆನಿಸಿತು ಎಂದು ಬರೆಯಲು ಬರುವುದಿಲ್ಲ. ಈ ಹುಡುಗರು ಖಾಜಾಸಾಬನನ್ನು ಕಂಡವರಲ್ಲ. ಅವ್ವನ ಜಾಗದಲ್ಲಿ ಯಾರು ಕೂತಿದ್ದಾರೆ, ನೋಡೋಣ ಎಂದು ಟಿ.ಸಿ. ಕಡೆಗೆ ನಡೆದೆ. ಹಿಂದಿನ ಓಣಿಯ ಕೊನೆಗೇ ಅದು ಇರುವುದು.

ಅಲ್ಲಿ ಯಾರೂ ಕೂತಿರಲಿಲ್ಲ. ಫ್ಯೂಸುಗಳು ಪೆಟ್ಟಿಗೆಯ ಮೇಲಿದ್ದವು. ಸುತ್ತ ಒಂದು ಶೇಂಗಾ ಸಿಪ್ಪೆಯೂ ಇರಲಿಲ್ಲ. ಹಿಟ್ಟಿನ ಗಿರಣಿಯ ಯಜಮಾನರು, ಮೈಯೆಲ್ಲ ಹಿಟ್ಟಾಗಿಸಿಕೊಂಡವರು, ಒಂದು ಫ್ಯೂಸು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು.

"ಕೆಳಗಿಡ್ರಿ" ಎಂದೆ. ದನಿ ನನ್ನದೇ ಎನಿಸಲಿಲ್ಲ.

"ಹುಡುಗರು ತಗದು ಮರತು ಹೋಗ್ಯಾರ ಅಂದ್ಕೊಂಡೆ. ಜ್ವಾಳ ಅರ್ಧ ಬೀಸಿ ನಿಂತೈತ್ರಿ."

"ಮ್ಯಾಲ ಇಬ್ಬರು ಅದಾರ."

ಅವರ ಮುಖದಲ್ಲಿ ಹಿಟ್ಟಿನಷ್ಟೇ ಬಿಳಿ ಬಂತು. ಫ್ಯೂಸನ್ನು ನನ್ನ ಕೈಯಲ್ಲಿಟ್ಟು ಗಿರಣಿಯ ಕಡೆ ಹೋದರು. ನಾನು ಉಳಿದವುಗಳನ್ನೂ ತೆಗೆದುಕೊಂಡು ಎದುರಿನ ಕಲ್ಲಿನ ಮೇಲೆ ಕೂತೆ. ಲುಂಗಿಯಲ್ಲಿ ಹಾಕಿಕೊಂಡು ಗಂಟು ಹಿಡಿದೆ. ಅವ್ವ ಕೂತಷ್ಟು ವರ್ಷ ಒಬ್ಬನೂ ಬರಲಿಲ್ಲ. ಇವತ್ತು ಒಬ್ಬರು ಬಂದರು. ವಾದ ಮುಗಿಯಿತು.

ಸ್ವಲ್ಪ ಹೊತ್ತಿನಲ್ಲಿ ಪ್ರವೀಣ ಬಂದ. ನನ್ನನ್ನು ಕಂಡು ನಕ್ಕ.

"ಏನ್ ಸರ್, ರಿಟೈರ್ ಆದ್ರೂ ಡ್ಯೂಟಿ ಬಿಡಾಕ ಮನಸಿಲ್ಲೇನು? ಕೊಡ್ರಿ, ಆತು ಕೆಲಸ."

"ಅವ್ವ ಕುಂತಾಳ ಅಂದ್ನಲ್ಲ ಅವ, ಎಲ್ಲಿ ಕುಂತಾಳ?"

ಅವನು ತಲೆ ಕೆರೆದುಕೊಂಡ. "ಅದು ಸುಮ್ಮನ ಅನ್ನೋ ಮಾತು ಸರ್. ಫ್ಯೂಸು ತಗದೀನಿ ಅಂತ ಅದರ ಅರ್ಥ. ಮೊದಲಿಂದ ಹಂಗ ಅಂತಾರ."

"ಸುಮ್ಮನ ಅನ್ನೋ ಮಾತಲ್ಲ ಅದು. ಆಕಿ ಹೆಸರು ಹುಲಿಗೆವ್ವ. ಆಕಿ ಖರೇನೇ ಕುಂದ್ರತಿದ್ಲು."

ಗಿರಣಿಯವರ ವಿಷಯ ಹೇಳಿದೆ. ಅವನು ನಗು ನಿಲ್ಲಿಸಿ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದ, ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡ. ಆಮೇಲೆ ಮೆಲ್ಲಗೆ, "ಕೊಡ್ರಿ ಸರ್" ಎಂದ.

"ಇನ್ನೊಬ್ಬ ಎಲ್ಲಿ?"

"ಇಳದಾನ ಸರ್. ಈಗ ಫೋನ್ ಮಾಡಿದ್ದ."

"ಬರಲಿ."

ಕಾದೆವು. ಬಿಸಿಲು ಏರುತ್ತಿತ್ತು. ಓಣಿಯ ಮನೆಗಳಿಂದ ಕರೆಂಟ್ ಯಾವಾಗ ಬರುತ್ತದೆ ಎಂದು ಕೇಳುವವರು ಕೇಳುತ್ತಿದ್ದರು. ಎರಡನೆಯ ಹುಡುಗ ಏಣಿ ಹೊತ್ತು ಮೂಲೆ ತಿರುಗಿದ. ನಾನು ಅವನ ಮುಖ ನೋಡಲಿಲ್ಲ. ಎರಡೂ ಕಾಲು ನೆಲದ ಮೇಲಿದ್ದವು, ಧೂಳು ಎಬ್ಬಿಸುತ್ತಾ ಬರುತ್ತಿದ್ದವು. ಗಂಟು ಬಿಚ್ಚಿ ಫ್ಯೂಸು ಕೊಟ್ಟೆ.